ಅಂಕಿ ಬರೆದರೆ ಸಾಲದು, ಯೋಚಿಸಲೂ ಬರಬೇಕು: ನರ್ಸಿಂಗ್ ಬೋಧಕರಿಗೆ ಒಂದು ಕೈಪಿಡಿ

ಹೆರಿಗೆಯಾಗಿ ಎರಡು ಗಂಟೆ ಕಳೆದಿದೆ. ಬಾಣಂತಿಯ ಬಿ.ಪಿ. 110/70, ಪಲ್ಸ್ 118. ‘ಯಾಕೋ ತಲೆ ಸುತ್ತುತ್ತೆ ಸಿಸ್ಟರ್’ ಅನ್ನುತ್ತಾಳೆ. ಎರಡೂ ಅಂಕಿಗಳನ್ನು ಚಾರ್ಟ್‌ನಲ್ಲಿ ಬರೆದು, ‘ಬಿ.ಪಿ. ನಾರ್ಮಲ್’ ಎಂದು ಪಕ್ಕದ ಮಂಚಕ್ಕೆ ಹೋದ ವಿದ್ಯಾರ್ಥಿನಿ ಅಳೆಯುವುದರಲ್ಲಿ ತಪ್ಪು ಮಾಡಿಲ್ಲ. ಆದರೆ ಆರೋಗ್ಯವಂತ ಯುವತಿಯ ದೇಹ ಸಾಕಷ್ಟು ರಕ್ತ ಹೋದಮೇಲೂ ಬಿ.ಪಿ.ಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲು ಏರುವುದು ಪಲ್ಸ್. ಪಲ್ಸನ್ನು ಮೇಲಿನ ಬಿ.ಪಿ.ಯಿಂದ ಭಾಗಿಸಿದರೆ ಇಲ್ಲಿ 1.07 ಬರುತ್ತದೆ. ಬಾಣಂತಿಯರಲ್ಲಿ 0.9 ಮುಟ್ಟಿದರೇ ಎಚ್ಚರಗೊಳ್ಳಬೇಕು.

ಪ್ರಸವೋತ್ತರ ರಕ್ತಸ್ರಾವದ ಕಾರಣಗಳನ್ನು ಬರೆಯಿರಿ ಎಂದರೆ ಇದೇ ವಿದ್ಯಾರ್ಥಿನಿ ಎರಡು ಪುಟ ಬರೆಯುತ್ತಾಳೆ. ಓದಿದ್ದನ್ನು ಕಣ್ಣೆದುರಿನ ರೋಗಿಗೆ ಹೊಂದಿಸಿ ನೋಡುವ ಈ ಶಕ್ತಿಯನ್ನೇ ಪಠ್ಯಕ್ರಮಗಳು ವಿಮರ್ಶಾತ್ಮಕ ಚಿಂತನೆ ಎನ್ನುತ್ತವೆ. ಅದು ಹುಟ್ಟಿನಿಂದ ಬರುವ ಜಾಣತನವಲ್ಲ, ಕಲಿಸಬಹುದು. ಕಲಿಸದೆ ವಾರ್ಡಿಗೆ ಕಳಿಸುವುದು ರೋಗಿಗೂ ವಿದ್ಯಾರ್ಥಿಗೂ ಮಾಡುವ ಅನ್ಯಾಯ.

ಒಂದೇ ಕೇಸ್, ಕಂತು ಕಂತಾಗಿ

ಮೊದಲ ಹೆಜ್ಜೆ ಕೇಸಿನ ಆಯ್ಕೆ. ಅಪರೂಪದ ಕಾಯಿಲೆ ಬೇಡ, ನಿಮ್ಮ ವಾರ್ಡಿನಲ್ಲಿ ವಾರಕ್ಕೊಮ್ಮೆಯಾದರೂ ಕಾಣುವಂಥದ್ದು ಸಾಕು. ಹೆಸರು, ಊರು ತೆಗೆದುಹಾಕಿ, ಮಾಹಿತಿಯನ್ನು ನಾಲ್ಕೈದು ಚೀಟಿಗಳಿಗೆ ಹಂಚಿ. ಮೇಲಿನ ಬಾಣಂತಿಯದ್ದೇ ಆದರೆ ಮೊದಲ ಚೀಟಿಯಲ್ಲಿ ಬಿ.ಪಿ., ಪಲ್ಸ್ ಮತ್ತು ಆಕೆಯ ಮಾತು ಮಾತ್ರ ಇರಲಿ.

ಎರಡನೇ ಚೀಟಿ ತೆರೆಯುವ ಮೊದಲು ಕೇಳಿ: ಇದರಲ್ಲಿ ಯಾವುದು ಕಣ್ಣಿಗೆ ಬಿತ್ತು? ಏನೇನು ಆಗಿರಬಹುದು? ಇನ್ನೇನು ತಿಳಿಯಬೇಕು? ಪ್ರತಿಯೊಬ್ಬರೂ ತಮ್ಮ ಉತ್ತರ ಬರೆದಿಡಲಿ. ಬಾಯಿಮಾತಿಗೆ ಬಿಟ್ಟರೆ ಮುಂದಿನ ಬೆಂಚಿನ ಇಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಆಮೇಲೆ ಎರಡನೇ ಚೀಟಿ: ಗರ್ಭಕೋಶ ಮೆತ್ತಗಿದೆ, ಹೊಕ್ಕುಳಿನ ಮೇಲಕ್ಕೆ ಬಂದು ಬಲಕ್ಕೆ ಸರಿದಿದೆ. ಮೂರನೆಯದು: ಪ್ಯಾಡ್ ಪೂರ್ತಿ ನೆನೆದಿದೆ, ಹೆರಿಗೆಯಾದಾಗಿನಿಂದ ಮೂತ್ರಕ್ಕೆ ಹೋಗಿಲ್ಲ. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಪಕ್ಕಕ್ಕೆ ತಳ್ಳಿ ಕುಗ್ಗದಂತೆ ತಡೆಯುತ್ತದೆ ಎಂಬುದು ಈಗ ಯಾರ ಬಾಯಿಂದಲಾದರೂ ಬರುತ್ತದೆ. ಬರುವವರೆಗೆ ಕಾಯಿರಿ. ಪ್ರಶ್ನೆ ಕೇಳಿ ಮರುಕ್ಷಣವೇ ಉತ್ತರವನ್ನೂ ತಾವೇ ಹೇಳಿಬಿಡುವುದು ನಮ್ಮ ತರಗತಿಗಳ ದೊಡ್ಡ ಚಾಳಿ, ಇದನ್ನು ಬಿಡಲೇಬೇಕು.

ಮರುದಿನ ಇದೇ ಪಲ್ಸ್ ಇರುವ ಇನ್ನೊಂದು ಕೇಸ್ ಕೊಡಿ: ಹೆರಿಗೆಯಾದ ಮೂರನೇ ದಿನ, ಪಲ್ಸ್ 118, ಜ್ವರ 38.6 ಡಿಗ್ರಿ ಸೆಲ್ಸಿಯಸ್, ದುರ್ವಾಸನೆಯ ಸ್ರಾವ. ಈಗ ಯೋಚನೆ ಸೋಂಕಿನ ಕಡೆ ತಿರುಗಬೇಕು. ಪಲ್ಸ್ ಏರಿದ್ದರೆ ರಕ್ತಸ್ರಾವ ಎಂಬ ಹೊಸ ಬಾಯಿಪಾಠ ಹುಟ್ಟದಿರಲು ಈ ಜೋಡಿ ಬೇಕು.

ಚರ್ಚೆ ಕನ್ನಡದಲ್ಲೇ ನಡೆಯಲಿ. ಪರೀಕ್ಷೆ ಇಂಗ್ಲಿಷಿನಲ್ಲಿದ್ದರೂ ಅನುಮಾನ, ತರ್ಕ, ತಕರಾರು ಮನೆಮಾತಿನಲ್ಲಿ ಬೇಗ ಹೊರಬರುತ್ತವೆ.

ಮಂಚದ ಪಕ್ಕದಲ್ಲಿ

ವಾರ್ಡ್ ಡ್ಯೂಟಿಯ ನಡುವೆ ದೊಡ್ಡ ಪಾಠಕ್ಕೆ ಸಮಯವಿರುವುದಿಲ್ಲ. ಅದಕ್ಕಾಗಿಯೇ 1992ರಲ್ಲಿ ಅಮೆರಿಕದ ವೈದ್ಯ ಶಿಕ್ಷಕರು ‘ಒಂದು ನಿಮಿಷದ ಬೋಧಕ’ ಎಂಬ ಕ್ರಮವನ್ನು ಪ್ರಕಟಿಸಿದರು. ನಮ್ಮ ವಾರ್ಡಿಗೂ ಅದು ಚೆನ್ನಾಗಿ ಒಗ್ಗುತ್ತದೆ. ‘ನಿನಗೇನು ಅನ್ನಿಸುತ್ತೆ?’ ಎಂದು ಕೇಳಿ, ವಿದ್ಯಾರ್ಥಿ ಒಂದು ನಿಲುವಿಗೆ ಬರಲಿ. ‘ಯಾಕೆ ಹಾಗನ್ನಿಸಿತು?’ ಎಂದು ಆಧಾರ ಕೇಳಿ. ನೆನಪಿಡಬೇಕಾದ ಒಂದೇ ಒಂದು ಸೂತ್ರ ಹೇಳಿ. ಸರಿ ಮಾಡಿದ್ದನ್ನು ಹೆಸರಿಸಿ ಮೆಚ್ಚಿ, ತಪ್ಪನ್ನು ತಿದ್ದಿ. ತಿದ್ದುವಾಗ ರೋಗಿಯ ಮುಂದೆ ಬೇಡ, ನರ್ಸಿಂಗ್ ಸ್ಟೇಷನ್‌ಗೆ ಬಂದಮೇಲೆ. ಗದರಿಸಿಕೊಂಡ ಹುಡುಗಿ ಮುಂದಿನ ಸಲ ತನಗೆ ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅದರ ಬೆಲೆಯನ್ನು ತೆರುವುದು ರೋಗಿ. ತುರ್ತು ಸ್ಥಿತಿಯಲ್ಲಂತೂ ಪ್ರಶ್ನೆ ಬೇಡವೇ ಬೇಡ. ಮೊದಲು ಚಿಕಿತ್ಸೆ, ಚರ್ಚೆ ಸಂಜೆಗಾಯಿತು.

ಅಳೆಯುವುದು ಹೇಗೆ?

ಕಷ್ಟವಿರುವುದು ಇಲ್ಲಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಹೊಸ ಬಿ.ಎಸ್ಸಿ. ಸೆಮಿಸ್ಟರ್ ಪಠ್ಯಕ್ರಮ ಓಸ್ಕಿ ಪರೀಕ್ಷೆಗೂ ಸಿಮ್ಯುಲೇಷನ್‌ಗೂ ಜಾಗ ಕೊಟ್ಟಿದೆ. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ರೂಪಿಸಿದ ಓಸ್ಕಿ ಒಳ್ಳೆಯ ಸಾಧನವೇ. ಆದರೆ ಪರೀಕ್ಷಕರ ಕೈಲಿರುವುದು ‘ಕೈ ತೊಳೆದಳು, ಪರಿಚಯ ಹೇಳಿದಳು’ ಎಂಬ ಟಿಕ್ ಪಟ್ಟಿ ಮಾತ್ರವಾದರೆ ಕೈಕೆಲಸಕ್ಕಷ್ಟೇ ಅಂಕ ಸಿಗುತ್ತದೆ. ಪ್ರತಿ ಸ್ಟೇಷನ್‌ನ ಕೊನೆಯ ಎರಡು ನಿಮಿಷ ‘ಈಗ ಏನನ್ನು ಯೋಚಿಸಿ ಹೀಗೆ ಮಾಡಿದೆ? ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ?’ ಎಂದು ಕೇಳಿ, ಅದಕ್ಕೂ ಅಂಕವಿಡಿ.

ಆ ಅಂಕಕ್ಕೊಂದು ಅಳತೆಗೋಲು ಬೇಕಲ್ಲ. ಅಮೆರಿಕದ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ನರ್ಸ್‌ಗಳ ಯೋಚನೆಯನ್ನು ನಾಲ್ಕು ಘಟ್ಟಗಳಾಗಿ ವಿವರಿಸಿದರು: ಗಮನಿಸುವುದು, ಅರ್ಥೈಸುವುದು, ಸ್ಪಂದಿಸುವುದು, ಮಾಡಿದ್ದನ್ನು ಮರಳಿ ನೋಡುವುದು. ಮರುವರ್ಷ ಕ್ಯಾಥಿ ಲಸಾಟರ್ ಇದರ ಮೇಲೆ 11 ಅಂಶಗಳ, ನಾಲ್ಕು ಮಟ್ಟಗಳ ರೂಬ್ರಿಕ್ ಕಟ್ಟಿದರು. ಇಂಟರ್ನಲ್ ಪರೀಕ್ಷೆಗೆ ಅಷ್ಟೂ ಬೇಕಿಲ್ಲ. ನಾಲ್ಕು ಘಟ್ಟಗಳಿಗೆ ನಾಲ್ಕು ಸಾಲು, ಪ್ರತಿ ಸಾಲಿನಲ್ಲಿ ಆರಂಭಿಕ ಮಟ್ಟದಿಂದ ಉತ್ತಮದವರೆಗೆ ಏನು ಕಾಣಬೇಕು ಎಂಬ ವಿವರಣೆ ಇದ್ದರೆ ಆಯಿತು. ‘ಪಲ್ಸ್ ಏರಿದೆ ಎಂದಳು’ ಒಂದು ಮಟ್ಟ. ‘ಏರಿದ ಪಲ್ಸ್‌ಗೂ ತಲೆಸುತ್ತಿಗೂ ನಂಟು ಹುಡುಕಿ ಪ್ಯಾಡ್ ನೋಡಿದಳು’ ಇನ್ನೊಂದು.

ಬರವಣಿಗೆಯ ಪ್ರಶ್ನೆಯನ್ನೂ ಬದಲಿಸಬಹುದು. ಕೇಸ್ ಕೊಟ್ಟು ‘ಮೊದಲು ಮಾಡುವ ಮೂರು ಕೆಲಸ ಬರೆಯಿರಿ, ಪ್ರತಿಯೊಂದಕ್ಕೂ ಕಾರಣ ಕೊಡಿ’ ಎನ್ನಿ. ಹೆಚ್ಚು ಬರೆದರೆ ಅಂಕ ಕಡಿತ. ಗೊತ್ತಿದ್ದನ್ನೆಲ್ಲ ಸುರಿಯುವ ಅಭ್ಯಾಸಕ್ಕೆ ಇದೊಂದೇ ಮದ್ದು. ಅಮೆರಿಕದಲ್ಲಿ ಕೆಲಸ ಮಾಡಬಯಸುವ ನರ್ಸ್‌ಗಳು ಬರೆಯುವ ಎನ್‌ಕ್ಲೆಕ್ಸ್ ಕೂಡ 2023ರ ಏಪ್ರಿಲ್‌ನಿಂದ ಬೆಳೆಯುತ್ತ ಹೋಗುವ ಕೇಸ್‌ಗಳನ್ನೇ ಮುಂದಿಟ್ಟು, ಒಂದೊಂದಕ್ಕೂ ಆರು ಪ್ರಶ್ನೆ ಕೇಳುತ್ತಿದೆ.

ಪರೀಕ್ಷೆಗೆ ಮೊದಲು ಇಬ್ಬರು ಬೋಧಕರು ಒಂದೇ ಉತ್ತರಪತ್ರಿಕೆಯನ್ನು ಬೇರೆ ಬೇರೆ ಕೂತು ತಿದ್ದಿ, ಅಂಕ ಹೋಲಿಸಿ. ವ್ಯತ್ಯಾಸ ಹೆಚ್ಚಿದ್ದರೆ ರೂಬ್ರಿಕ್‌ನ ಯಾವ ಸಾಲು ಇಬ್ಬರಿಗೂ ಬೇರೆ ಬೇರೆಯಾಗಿ ಕಂಡಿದೆ ಎಂದು ಹುಡುಕಿ, ಆ ಸಾಲನ್ನು ತಿದ್ದಿ ಬರೆಯಿರಿ. ಆಮೇಲೆ ರೂಬ್ರಿಕ್‌ನ ಹಾಳೆಯನ್ನು ವಿದ್ಯಾರ್ಥಿಗಳ ಕೈಗೂ, ವಾರ್ಡಿನ ಸಿಸ್ಟರ್‌ಗಳ ಕೈಗೂ ಪೋಸ್ಟಿಂಗ್ ಶುರುವಾಗುವ ಮೊದಲೇ ಕೊಡಿ.