ತಾಯಿ-ಮಕ್ಕಳ ಆರೋಗ್ಯಪಾಲನೆಯಲ್ಲಿ ಗ್ರಾಮದ ದಾದಿ

'ಸೂಲು' ಎಂದರೆ ಹೆರಿಗೆ. ಅದನ್ನು ನಡೆಸಿಕೊಡುವವಳು ಸೂಲಗಿತ್ತಿ. ಆಸ್ಪತ್ರೆಗಳು ದೂರವಿದ್ದ ಕಾಲದಲ್ಲಿ ಹಳ್ಳಿಯ ಬಾಣಂತಿಗೂ ಹಸುಗೂಸಿಗೂ ಆಕೆಯೇ ಆಸರೆಯಾಗಿದ್ದಳು. ಪಾವಗಡ ಸೀಮೆಯಲ್ಲಿ ಸಾವಿರಾರು ಹೆರಿಗೆಗಳನ್ನು ನಡೆಸಿದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತುದು ಆ ಪರಂಪರೆಗೇ ಸಂದ ಗೌರವ.

ಆದರೆ ಅನುಭವವೊಂದೇ ಎಲ್ಲ ಗಂಡಾಂತರಗಳನ್ನು ತಡೆಯಲಾರದು. ಆರೋಗ್ಯವಂತಳಂತೆ ಕಾಣುವ ಗರ್ಭಿಣಿಯ ರಕ್ತದೊತ್ತಡವು ಸದ್ದಿಲ್ಲದೆ ಏರಿರಬಹುದು. ರಕ್ತಹೀನತೆಯು ಒಳಗೊಳಗೇ ಬೆಳೆದಿರಬಹುದು. ಇವನ್ನು ಕಣ್ಣಂದಾಜಿನಿಂದ ಅರಿಯಲಾಗದು, ಅಳೆದೇ ತಿಳಿಯಬೇಕು. ಈ ಅಳತೆಯ ವಿದ್ಯೆಯನ್ನು ಹಳ್ಳಿಯ ಮನೆಬಾಗಿಲಿಗೆ ತಂದವಳು ಎ.ಎನ್.ಎಂ. ಎಂದು ಕರೆಯಲ್ಪಡುವ ಸಹಾಯಕ ದಾದಿ. ಬಯಲು ಪ್ರದೇಶದಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದರಂತೆ ಇರಬೇಕಾದ ಆರೋಗ್ಯ ಉಪಕೇಂದ್ರವೇ ಆಕೆಯ ಕಾರ್ಯಕ್ಷೇತ್ರ.

ಗರ್ಭ ನಿಂತ ಮೊದಲ ಹನ್ನೆರಡು ವಾರಗಳೊಳಗೆ ಹೆಸರು ನೋಂದಾಯಿಸಿ, ಹೆರಿಗೆಗೆ ಮುನ್ನ ಕನಿಷ್ಠ ನಾಲ್ಕು ಬಾರಿ ತಪಾಸಣೆ ನಡೆಸುವುದು ಆಕೆಯ ಕರ್ತವ್ಯ. ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಾದರೆ ಅದು ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಕಳುಹಿಸಲೇಬೇಕು. ರಕ್ತದೊತ್ತಡವು 140/90ನ್ನು ಮುಟ್ಟಿದರೆ ಅದೂ ಅಪಾಯದ ಸೂಚನೆಯೇ. ಹೆರಿಗೆಯ ಬಳಿಕ ರಕ್ತಸ್ರಾವವು ನಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣಹಾನಿಯಾಗಬಹುದು. ಆದುದರಿಂದ ವೈದ್ಯರ ಬಳಿಗೆ ಎಂದು ಕಳುಹಿಸಬೇಕೆಂಬ ವಿವೇಕವೇ ದಾದಿಯ ವಿದ್ಯೆಯ ಸಾರ.

ಕೂಸು ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಇಲ್ಲ, ಹುಟ್ಟಿದೊಡನೆ ಬಿ.ಸಿ.ಜಿ. ಹಾಗೂ ಪೋಲಿಯೋ ಲಸಿಕೆ, ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆ: ಇವೆಲ್ಲವೂ ಆಕೆಯ ಮೇಲ್ವಿಚಾರಣೆಗೆ ಸೇರಿದವು.

ಇಷ್ಟಾದರೂ ಉಪಕರಣಗಳಿಂದಷ್ಟೇ ಕಾರ್ಯ ಸಾಧಿಸದು. ಕಬ್ಬಿಣಾಂಶದ ಮಾತ್ರೆಯಿಂದ ಮಲವು ಕಪ್ಪಾದಾಗ ಗರ್ಭಿಣಿ ಹೆದರುತ್ತಾಳೆ. ಹೊಟ್ಟೆ ತೊಳಸಿದಂತಾದರೆ ಮಾತ್ರೆಯನ್ನೇ ಬಿಡುತ್ತಾಳೆ. ನೂರೆಂಬತ್ತು ದಿನಗಳ ಮಾತ್ರೆಗಳು ಗೂಡಿನಲ್ಲೇ ಉಳಿದರೆ ಫಲವೇನು? ಅಂಥಲ್ಲಿ ದಾದಿಯು ಅತ್ತೆಯನ್ನೂ ಸೊಸೆಯನ್ನೂ ಜೊತೆಗೆ ಕೂರಿಸಿಕೊಂಡು, ಮನೆಮಾತಿನಲ್ಲಿ, ಗದರದೆ ತಿಳಿಹೇಳಬೇಕು. ಸೂಲಗಿತ್ತಿಗೆ ಮನೆಯವರಿಂದ ದೊರೆತಿದ್ದ ವಿಶ್ವಾಸವನ್ನು ದಾದಿಯು ಸಂಪಾದಿಸದಿದ್ದರೆ ಆಕೆಯ ಅಳತೆಗಳು ದಾಖಲೆಯ ಪುಟದಲ್ಲೇ ಉಳಿದಾವು.

1946ರ ಭೋರ್ ಸಮಿತಿಯ ವರದಿಯ ಕಾಲದಲ್ಲಿ ನಮ್ಮ ದೇಶದಲ್ಲಿ ಸಾವಿರ ಜನನಗಳಿಗೆ ಸುಮಾರು ಇಪ್ಪತ್ತು ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಆ ಪ್ರಮಾಣವು ಲಕ್ಷ ಜನನಗಳಿಗೆ ದೇಶದಲ್ಲಿ 97, ಕರ್ನಾಟಕದಲ್ಲಿ 69. ವೈದ್ಯಶಾಸ್ತ್ರ, ರಸ್ತೆ, ಆಸ್ಪತ್ರೆ, ಸ್ತ್ರೀಶಿಕ್ಷಣ ಎಲ್ಲವೂ ಇದಕ್ಕೆ ಕಾರಣ. ಆದರೆ ಇವೆಲ್ಲವನ್ನೂ ಗರ್ಭಿಣಿಯ ಮನೆಯೊಂದಿಗೆ ಬೆಸೆದ ಕೊಂಡಿ ದಾದಿಯೇ. ಅರುವತ್ತೊಂಬತ್ತು ಎಂಬುದು ಬರಿಯ ಅಂಕಿಯಲ್ಲ. ಅಷ್ಟು ಮನೆಗಳ ದೀಪ ಆರಿದೆ ಎಂಬುದನ್ನು ಮರೆಯಲಾಗದು.

ಹನ್ನೆರಡನೆಯ ತರಗತಿ ಮುಗಿಸಿದ ಹಳ್ಳಿಯ ಹೆಣ್ಣುಮಗಳು ಎರಡು ವರ್ಷಗಳ ಶಿಕ್ಷಣದಿಂದ ಈ ಸೇವೆಗೆ ಅರ್ಹಳಾಗಬಲ್ಲಳು. ಆದ್ದರಿಂದ ಹೆಣ್ಣುಮಗಳೊಬ್ಬಳನ್ನು ಓದು ಬಿಡದಂತೆ ಶಾಲೆಯಲ್ಲಿ ಉಳಿಸಿಕೊಳ್ಳುವ ಅಧ್ಯಾಪಕರೂ ಅವಳ ಓದಿಗೆ ನೆರವಾಗುವ ದಾನಿಗಳೂ ಮುಂದೊಂದು ದಿನ ಯಾವುದೋ ಊರಿನ ತೊಟ್ಟಿಲನ್ನು ಕಾದವರೇ ಆಗುತ್ತಾರೆ.