ಕಾಯಿಸಬಾರದ ಸೂಜಿಮದ್ದು

ಸೋದರಿ,

ವಾಂತಿಯಿಂದ ಬಳಲಿ ತುರ್ತು ಚಿಕಿತ್ಸಾ ಘಟಕಕ್ಕೆ ಹೋದ ತಮ್ಮನ್ನು, ಅಡ್ರಿನಲ್ ಗ್ರಂಥಿಯ ಕೊರತೆಯಿದೆಯೆಂದು ತಾವೇ ಹೇಳಿದ ಮೇಲೂ, ಬರಿಯ ಸಲೈನ್ ಏರಿಸಿ ಎರಡು ಗಂಟೆ ಕಾಯಿಸಿದರೆಂಬುದನ್ನು ತಮ್ಮ ಪತ್ರದಲ್ಲಿ ಓದಿ ಮನಸ್ಸು ನೊಂದಿತು. 1855ರಲ್ಲಿ ಥಾಮಸ್ ಅಡಿಸನ್ ಎಂಬ ಆಂಗ್ಲ ವೈದ್ಯನು ವಿವರಿಸಿದ ಈ ವ್ಯಾಧಿಯಲ್ಲಿ ಶರೀರವು ಸಂಕಟಕಾಲಕ್ಕೆ ಬೇಕಾದ ಕಾರ್ಟಿಸಾಲ್ ಹಾರ್ಮೋನನ್ನು ತಾನೇ ಸ್ರವಿಸಲಾರದು; ಅದರ ಬದಲಿಗೆ ನುಂಗಿದ ಮಾತ್ರೆಯೂ ವಾಂತಿಯಲ್ಲಿ ಹೊರಬಿದ್ದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯ ಒದಗಬಹುದಾದ್ದರಿಂದ, ವಯಸ್ಕರಿಗೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಸೂಜಿಮದ್ದನ್ನು, ರಕ್ತಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ, ಒಡನೆಯೇ ಕೊಡತಕ್ಕದ್ದು. ತಮ್ಮ ಹಾರ್ಮೋನು ತಜ್ಞರಿಂದ ಇದನ್ನೇ ಲೆಟರ್‌ಹೆಡ್ಡಿನ ಮೇಲೆ ಬರೆಯಿಸಿ, ಸಹಿ ಮೊಹರುಗಳೊಡನೆ ಲ್ಯಾಮಿನೇಟ್ ಮಾಡಿಸಿ, ಸದಾ ಕೈಚೀಲದಲ್ಲಿಟ್ಟುಕೊಳ್ಳಿರಿ. ಅವರ ಸಮ್ಮತಿಯಿಂದ ಈ ಮದ್ದಿನ ಒಂದು ವಯಲನ್ನೂ ಸಿರಿಂಜನ್ನೂ ಮನೆಯಲ್ಲಿರಿಸಿ, ಚುಚ್ಚುವ ಕ್ರಮವನ್ನು ಮನೆಯವರಿಗೂ ಕಲಿಸಿರಿ. ಆಸ್ಪತ್ರೆಯ ಬಾಗಿಲಲ್ಲಿ ಆ ಚೀಟಿಯನ್ನು ತೋರಿಸಿ, “ಮೊದಲು ಇಂಜೆಕ್ಷನ್, ಆಮೇಲೆ ಪರೀಕ್ಷೆ” ಎಂದು ದೃಢವಾಗಿ ಕೇಳಲು ಎಂದಿಗೂ ಸಂಕೋಚಪಡಬೇಡಿರಿ.