ಆಪ್ಷನ್ ಎಂಟ್ರಿ: ಮೊದಲ ಸಾಲಿನಲ್ಲಿ ಏನಿರಬೇಕು?

ಸಿಇಟಿ ರ‍್ಯಾಂಕ್ ಬಂದ ಮೇಲೆ ನಮ್ಮೂರು ಮಧುವನಹಳ್ಳಿಯಿಂದ ಪ್ರತಿ ವರ್ಷ ಒಂದಲ್ಲ ಒಂದು ಫೋನ್ ಬರುತ್ತೆ: "ಅಣ್ಣ, ಈ ರ‍್ಯಾಂಕಿಗೆ ಯಾವ ಕಾಲೇಜು ಮೊದಲು ಹಾಕ್ಲಿ?" ನಿಮಗೂ ಬರುತ್ತಿರಬಹುದು. ಹೇಳುವ ಮುನ್ನ ಲೆಕ್ಕ ಗೊತ್ತಿರಲಿ.

ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯುಸಿ ಅಂಕಗಳೂ ಸಿಇಟಿ ಅಂಕಗಳೂ ಅರ್ಧರ್ಧ. ಪಿಯುಸಿಯಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 108 ಬಂದರೆ 90 ಮತ್ತು 60ರ ಸರಾಸರಿ, ಅಂದರೆ 75.

ಸೀಟು ಹಂಚುವಾಗ ಕೆಇಎ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಸೀಟು ಸಿಕ್ಕ ಸಾಲಿನಲ್ಲೇ ನಿಲ್ಲುತ್ತದೆ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೇನೂ ನಷ್ಟವಿಲ್ಲ. ಆದರೆ "ನನ್ನ ರ‍್ಯಾಂಕಿಗೆ ಇಷ್ಟೇ" ಅಂತ ಹೆದರಿ ಚಾಮರಾಜನಗರದ ಸರ್ಕಾರಿ ಕಾಲೇಜನ್ನು ಮೊದಲು, ಆಸೆಪಟ್ಟ ಮೈಸೂರಿನ ಕಾಲೇಜನ್ನು ಆಮೇಲೆ ಹಾಕಿದರೆ? ಚಾಮರಾಜನಗರ ಸಿಕ್ಕಿದ ಕ್ಷಣ ಮೈಸೂರಿನ ದಾರಿ ಮುಚ್ಚಿತು. ಮನೆಗೆ ಹತ್ತಿರ, ಖರ್ಚು ಕಡಿಮೆ ಅನ್ನೋದೇ ಮುಖ್ಯವಾದರೆ ಚಾಮರಾಜನಗರವೇ ಮೊದಲಿರಲಿ; ಅದು ಬೇಕು ಅಂತ, ಭಯಕ್ಕಲ್ಲ.

ಸಿಕ್ಕ ಸೀಟು ಇಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು ಚಾಯ್ಸ್ 2. ಅಲ್ಲಿ ಮೇಲಿನ ಸಾಲಿನದು ಸಿಕ್ಕರೆ ಹಳೆಯದು ತಾನಾಗೇ ರದ್ದು. ಹಾಗಾಗಿ ಸೇರಲು ಮನಸ್ಸಿಲ್ಲದ ಕಾಲೇಜು ಮೇಲಿರಬಾರದು.

ಇನ್ನೊಂದು ಮಾತು: ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಮೀಸಲಾತಿ ಕೇಳುವವರು ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಮೊದಲೇ ಮಾಡಿಸಿಟ್ಟುಕೊಳ್ಳಲಿ.

ಈ ಸಲ ಫೋನ್ ಬಂದರೆ ರ‍್ಯಾಂಕ್ ಕೇಳುವ ಮೊದಲು ನೀವೇ ಕೇಳಿ: "ನಿಂಗೆ ಯಾವುದು ಬೇಕಪ್ಪಾ?"